ತೂಕದ ಮನೆಯ ಎರಡು ಸರ್ವರ್‌ಗಳು: ಕೀಪ್‌ಅಲೈವ್ಡ್ ಮತ್ತು ಪೇಸ್‌ಮೇಕರ್ ಬಳಸಿ ಕಂಡದ್ದು

ಕಲಬುರಗಿಯ ಹೊರವಲಯದ ಒಂದು ದಾಲ್ ಮಿಲ್‌ನ ಕಂಪ್ಯೂಟರ್ ವ್ಯವಸ್ಥೆಯನ್ನು ನಾನು ನೋಡಿಕೊಳ್ಳುತ್ತೇನೆ. ಡಿಸೆಂಬರ್ ಕೊನೆಯಿಂದ ಹೊಸ ತೊಗರಿ ಬರತೊಡಗಿದರೆ ಲಾರಿ, ಟ್ರ್ಯಾಕ್ಟರ್‌ಗಳು ಗೇಟಿನಾಚೆ ರಸ್ತೆಯವರೆಗೂ ಸಾಲುಗಟ್ಟುತ್ತವೆ. ತೂಕದ ಚೀಟಿ ಬರದೆ ಒಂದು ಗಾಡಿಯೂ ಮುಂದೆ ಸರಿಯುವುದಿಲ್ಲ, ಹಮಾಲರಿಗೆ ಕೆಲಸವಿರುವುದಿಲ್ಲ, ರೈತರ ಪಾವತಿ ನಿಲ್ಲುತ್ತದೆ. ಆ ಚೀಟಿಗಳ ಲೆಕ್ಕವೆಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದ್ದ ಒಂದೇ ಸರ್ವರ್‌ನಲ್ಲಿತ್ತು. ಅದಕ್ಕೊಂದು ಜೊತೆ ಯಂತ್ರ ಕೊಟ್ಟು, ಒಂದು ಬಿದ್ದರೆ ಇನ್ನೊಂದು ತಾನಾಗಿಯೇ ಹೊರೆ ಹೊರುವಂತೆ ಮಾಡಲು ಎರಡು ದಾರಿಗಳನ್ನು ಒಂದೊಂದು ಹಂಗಾಮು ಬಳಸಿ ನೋಡಿದ್ದೇನೆ. ಎರಡೂ ಸಲ ಯಂತ್ರಗಳು ಅವೇ, ಡೆಬಿಯನ್ 12 ಲಿನಕ್ಸ್. ಧೂಳು ಮತ್ತು ಬೆಂಕಿಯ ಭಯದಿಂದ ಒಂದನ್ನು ಕಚೇರಿಯಲ್ಲಿ, ಮತ್ತೊಂದನ್ನು ತೂಕದ ಕ್ಯಾಬಿನ್ ಪಕ್ಕದ ಕೋಣೆಯಲ್ಲಿ ಇರಿಸಿದ್ದೆ.

ಮೊದಲ ದಾರಿ ಕೀಪ್‌ಅಲೈವ್ಡ್ ಎಂಬ ತಂತ್ರಾಂಶ. ಮೂಲತಃ ರೂಟರ್‌ಗಳಿಗಾಗಿ ಹುಟ್ಟಿದ ವಿಆರ್‌ಆರ್‌ಪಿ ಎಂಬ ನಿಯಮದ ಮೇಲೆ ಇದು ನಡೆಯುತ್ತದೆ. ಎರಡೂ ಸರ್ವರ್‌ಗಳ ನಡುವೆ ಒಂದು ಸಂಚಾರಿ ಐಪಿ ವಿಳಾಸವಿರುತ್ತದೆ. ಅದನ್ನು ಹಿಡಿದಿರುವ ಯಂತ್ರ ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂದು ಸಾರುತ್ತದೆ. ಮೂರು ಸೆಕೆಂಡಿಗೂ ತುಸು ಹೆಚ್ಚು ಕಾಲ ಸದ್ದು ಕೇಳಿಸದಿದ್ದರೆ ಎರಡನೆಯದು ವಿಳಾಸವನ್ನು ತನ್ನದಾಗಿಸಿಕೊಂಡು, ಅದನ್ನು ಸ್ವಿಚ್‌ಗಳಿಗೂ ತಿಳಿಸುತ್ತದೆ. ಆದ್ಯತೆ 100 ಎಂದು ಕೊಟ್ಟಿದ್ದ ನನ್ನ ಎರಡನೆಯ ಸರ್ವರ್‌ನ ಕಾಯುವ ಅವಧಿ ಲೆಕ್ಕದ ಪ್ರಕಾರ 3.6 ಸೆಕೆಂಡು, ಮತ್ತು ಕಚೇರಿಯ ಸರ್ವರ್‌ನ ವಿದ್ಯುತ್ ಕೇಬಲನ್ನೇ ಕಿತ್ತು ನೋಡಿದಾಗ ವಿಳಾಸ ನಾಲ್ಕು ಸೆಕೆಂಡಿನೊಳಗೆ ಈ ಕಡೆಗೆ ಬಂದಿತ್ತು. ಇಡೀ ಸಂರಚನೆ ಮೂವತ್ತು ಸಾಲಿನ ಒಂದು ಕಡತ. ಇಷ್ಟು ಸರಳವಾದದ್ದು ಇಷ್ಟು ಚುರುಕಾಗಿ ಕೆಲಸ ಮಾಡುವುದನ್ನು ಕಂಡು ನನಗೆ ನಿಜವಾಗಿ ಸಂತೋಷವಾಗಿತ್ತು.

ಆದರೆ ಕೀಪ್‌ಅಲೈವ್ಡ್ ಹೊತ್ತು ಸಾಗಿಸುವುದು ವಿಳಾಸವನ್ನೇ ಹೊರತು ದತ್ತಾಂಶವನ್ನಲ್ಲ. ಅದಕ್ಕಾಗಿ ಪೋಸ್ಟ್‌ಗ್ರೆಸ್‌ನ ಪ್ರತಿಕೃತಿ ವ್ಯವಸ್ಥೆಯನ್ನು ಬೇರೆಯಾಗಿ ಜೋಡಿಸಿ, ವಿಳಾಸ ಬಂದ ಕೂಡಲೇ ಪ್ರತಿಕೃತಿಯನ್ನು ಮುಖ್ಯ ಡೇಟಾಬೇಸ್ ಆಗಿ ಬಡ್ತಿಗೊಳಿಸುವ ಒಂದು ಸ್ಕ್ರಿಪ್ಟ್ ಬರೆದೆ. ಹಳೆಯ ಸರ್ವರ್ ಮರಳಿ ಎದ್ದಾಗ ಹೆಚ್ಚಿನ ಆದ್ಯತೆಯ ಬಲದಿಂದ ವಿಳಾಸವನ್ನು ಕಿತ್ತುಕೊಳ್ಳುವುದು ಇದರ ಸಹಜ ಸ್ವಭಾವವಾದ್ದರಿಂದ, ಹಳಸಿದ ಲೆಕ್ಕದೊಂದಿಗೆ ಅದು ಗಾದಿಗೇರದಂತೆ ‘ನೋಪ್ರಿಎಂಪ್ಟ್’ ಆಯ್ಕೆಯನ್ನೂ ಕೊಟ್ಟೆ. ಆ ಆಯ್ಕೆ ಫಲಿಸಬೇಕಾದರೆ ಎರಡೂ ಕಡೆ ಆರಂಭದ ಸ್ಥಿತಿ ‘ಬ್ಯಾಕಪ್’ ಎಂದೇ ಇರಬೇಕು.

ಪೆಟ್ಟು ಬಿದ್ದದ್ದು ನಾನು ಯೋಚಿಸದ ಕಡೆಯಿಂದ. ಜನವರಿಯ ಒಂದು ಮಧ್ಯಾಹ್ನ, ಅಂಗಳದಲ್ಲಿ ಹಿಂದಕ್ಕೆ ಸರಿಯುತ್ತಿದ್ದ ಲಾರಿಯೊಂದು ಕಚೇರಿಗೂ ಕ್ಯಾಬಿನ್‌ಗೂ ಇದ್ದ ನೆಟ್‌ವರ್ಕ್ ಕೇಬಲನ್ನು ಹರಿಯಿತು. ಎರಡು ಸರ್ವರ್‌ಗಳೂ ಬದುಕಿದ್ದವು, ಆದರೆ ಒಂದರ ದನಿ ಇನ್ನೊಂದಕ್ಕೆ ಕೇಳಲಿಲ್ಲ. ಕ್ಯಾಬಿನ್ ಕಡೆಯದು ನಿಯಮದಂತೆ ತಾನೇ ಯಜಮಾನನಾಯಿತು. ಕಚೇರಿಯದು ಯಜಮಾನನಾಗಿಯೇ ಉಳಿಯಿತು. ನಲವತ್ತು ನಿಮಿಷ ತೂಕಗಳು ಒಂದರಲ್ಲಿ, ಪಾವತಿಗಳು ಇನ್ನೊಂದರಲ್ಲಿ ದಾಖಲಾದವು. ಕಚೇರಿಯಲ್ಲೂ ಹೊಸ ಚೀಟಿ ತೆರೆದಿದ್ದರಿಂದ ಹದಿನೇಳು ಚೀಟಿಗಳಿಗೆ ಒಂದೇ ಸಂಖ್ಯೆ ಎರಡೆರಡು ಸಲ ಬಿತ್ತು. ಯಾವ ಪರದೆಯಲ್ಲೂ ದೋಷದ ಸೂಚನೆ ಬರಲಿಲ್ಲ. ಆ ಲೆಕ್ಕವನ್ನು ಕೈಯಿಂದ ಹೊಂದಿಸಲು ಎರಡು ದಿನ ಹಿಡಿಯಿತು, ಮತ್ತು ಆ ಎರಡು ದಿನ ಹಣಕ್ಕಾಗಿ ಕಾದವರು ರೈತರು. ಇದು ಕೀಪ್‌ಅಲೈವ್ಡ್‌ನ ದೋಷವೆಂದು ನಾನು ಹೇಳುವುದಿಲ್ಲ. ಎದುರಿನ ಯಂತ್ರ ಸತ್ತಿದೆಯೋ, ಬರೀ ದನಿ ಕೇಳಿಸುತ್ತಿಲ್ಲವೋ ಎಂದು ತಿಳಿಯುವ ಉಪಾಯ ಅದರಲ್ಲಿಲ್ಲ, ಮತ್ತು ಇದೆ ಎಂದು ಅದು ಎಲ್ಲೂ ಹೇಳಿಕೊಂಡಿಲ್ಲ. ಅದಕ್ಕೆ ಸಲ್ಲದ ಕೆಲಸವನ್ನು ಅದಕ್ಕೆ ವಹಿಸಿದವನು ನಾನು.

ಎರಡನೆಯ ಹಂಗಾಮಿಗೆ ಪೇಸ್‌ಮೇಕರ್ ಮತ್ತು ಕೋರೋಸಿಂಕ್ ಎಂಬ ತಂತ್ರಾಂಶಗಳ ಜೋಡಿಯನ್ನು ತಂದೆ. ಯಾರು ಗುಂಪಿನಲ್ಲಿದ್ದಾರೆ, ಬಹುಮತ ಯಾರಿಗಿದೆ ಎಂಬುದನ್ನು ಕೋರೋಸಿಂಕ್ ನೋಡುತ್ತದೆ. ಯಾವ ಸೇವೆ ಎಲ್ಲಿ, ಯಾವ ಕ್ರಮದಲ್ಲಿ ಏಳಬೇಕೆಂಬುದನ್ನು ಪೇಸ್‌ಮೇಕರ್ ನಿರ್ಧರಿಸುತ್ತದೆ. ಡಿಸ್ಕಿನ ಪ್ರತಿ ಬರಹವನ್ನೂ ಎರಡೂ ಕಡೆ ಮುಟ್ಟಿಸಲು ಡಿಆರ್‌ಬಿಡಿ ಎಂಬ ತಂತ್ರಾಂಶವನ್ನು ಅದರ ‘ಸಿ’ ಕ್ರಮದಲ್ಲಿ ಬಳಸಿದೆ. ಈ ಕ್ರಮದಲ್ಲಿ ಎದುರಿನ ಡಿಸ್ಕಿನಲ್ಲೂ ಬರೆದಾದ ಮೇಲೆಯೇ ಬರಹ ಮುಗಿಯಿತೆಂಬ ಉತ್ತರ ಸಿಗುತ್ತದೆ. ಕಲಿಯಲು ಮೂರು ವಾರ ಬೇಕಾಯಿತು. ಮೊದಲು ಡಿಸ್ಕ್, ಆಮೇಲೆ ಕಡತ ವ್ಯವಸ್ಥೆ, ಆಮೇಲೆ ಪೋಸ್ಟ್‌ಗ್ರೆಸ್, ಕೊನೆಗೆ ವಿಳಾಸ ಎಂಬ ಸರಪಣಿಯಲ್ಲಿ ಒಂದು ಕೊಂಡಿ ತಪ್ಪಿದರೂ ಏನೂ ಏಳುವುದಿಲ್ಲ. ಪೋಸ್ಟ್‌ಗ್ರೆಸ್ ಮಾತ್ರ ಬಿದ್ದರೆ ಅದನ್ನು ಇದ್ದಲ್ಲಿಯೇ ಎಬ್ಬಿಸಲು ಪೇಸ್‌ಮೇಕರ್ ತಾನಾಗಿಯೇ ಯತ್ನಿಸುತ್ತದೆ ಎಂಬುದು ಮಾತ್ರ ಬಯಸದೆ ಬಂದ ಲಾಭ.

ಇದರ ಜೀವಾಳ ಇರುವುದು ಫೆನ್ಸಿಂಗ್‌ನಲ್ಲಿ. ದನಿ ನಿಂತ ಯಂತ್ರ ಸತ್ತಿದೆ ಎಂದು ಊಹಿಸುವ ಬದಲು ಅದರ ವಿದ್ಯುತ್ತನ್ನೇ ಕಡಿದು, ಖಚಿತವಾದ ಮೇಲೆಯೇ ಡೇಟಾಬೇಸ್ ಏಳಿಸುವ ಪದ್ಧತಿ ಇದು. ನಮ್ಮ ಸರ್ವರ್‌ಗಳಲ್ಲಿ ಐಪಿಎಂಐ ಎಂಬ ದೂರ ನಿಯಂತ್ರಣದ ಪೋರ್ಟ್ ಇದ್ದುದರಿಂದ ಮೊದಲು ಅದನ್ನೇ ಬಳಸಿದೆ. ಕಚೇರಿ ಸರ್ವರ್‌ನ ಕರ್ನಲನ್ನು, ಅಂದರೆ ಲಿನಕ್ಸ್‌ನ ತಿರುಳನ್ನು, ಬೇಕೆಂದೇ ಕುಸಿಯುವಂತೆ ಮಾಡಿದಾಗ ಕ್ಯಾಬಿನ್ ಸರ್ವರ್ ಅದನ್ನು ಆರಿಸಿ, ಸುಮಾರು ಮೂವತ್ತೈದು ಸೆಕೆಂಡಿನಲ್ಲಿ ಕೆಲಸ ವಹಿಸಿಕೊಂಡಿತು. ಆಮೇಲೆ ವಿದ್ಯುತ್ ಕೇಬಲ್ ಕಿತ್ತೆ. ಏನೂ ಆಗಲಿಲ್ಲ! ವಿದ್ಯುತ್ ಹೋದಾಗ ಐಪಿಎಂಐ ಕೂಡ ಸಾಯುತ್ತದೆ. ಆರಿಸಲು ಹೊರಟ ಆಜ್ಞೆಗೆ ಉತ್ತರವೇ ಬರದ ಕಾರಣ ಪೇಸ್‌ಮೇಕರ್ ಕೈಕಟ್ಟಿ ಕಾಯುತ್ತ ಕುಳಿತಿತು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವ, ಯುಪಿಎಸ್ ಬ್ಯಾಟರಿಗಳು ಬೇಗ ಸೋಲುವ ನಮ್ಮ ಊರಿನಲ್ಲಿ ಸರ್ವರ್ ಬೀಳುವುದು ಹೆಚ್ಚಾಗಿ ವಿದ್ಯುತ್ತಿನಿಂದಲೇ. ಬೆಂಗಳೂರಿನ ಡೇಟಾ ಸೆಂಟರ್‌ನಲ್ಲಿ ಅಪರೂಪವೆನಿಸುವ ಸಂಗತಿ ಇಲ್ಲಿ ಮೊದಲ ಸಂಗತಿ.

ಆದ್ದರಿಂದ ಐಪಿಎಂಐಯನ್ನು ಬಿಟ್ಟು ವಾಚ್‌ಡಾಗ್ ಹಾದಿ ಹಿಡಿದೆ; ನಿಗದಿತ ಅವಧಿಯೊಳಗೆ ಸೂಚನೆ ಸಿಗದಿದ್ದರೆ ತಾನಿರುವ ಯಂತ್ರವನ್ನೇ ಮರುಪ್ರಾರಂಭಿಸುವ ಗಡಿಯಾರ ಅದು. ಗೇಟಿನ ಕಾವಲು ಕೋಣೆಯಲ್ಲಿ ಹಳೆಯ ಸಣ್ಣ ಕಂಪ್ಯೂಟರೊಂದನ್ನು ತನ್ನದೇ ಬ್ಯಾಟರಿಯೊಂದಿಗೆ ಇರಿಸಿ, ಎರಡೂ ಕಡೆಗೆ ಬೇರೆ ಬೇರೆ ಕೇಬಲ್ ಎಳೆದು, ಕೋರೋಸಿಂಕ್‌ನ ಮೂರನೆಯ ಮತವನ್ನು ಅದಕ್ಕೆ ಕೊಟ್ಟೆ. ಅದರಲ್ಲಿ ಲೆಕ್ಕದ ಒಂದಕ್ಷರವೂ ಇಲ್ಲ. ಮತ ಹಾಕುವುದಷ್ಟೇ ಅದರ ಕೆಲಸ. ಬಹುಮತ ಕಳೆದುಕೊಂಡ ಸರ್ವರ್‌ನಲ್ಲಿ ಎಸ್‌ಬಿಡಿ ಎಂಬ ಕಾವಲು ಸೇವೆ ವಾಚ್‌ಡಾಗ್ ಗಡಿಯಾರದ ಮೂಲಕ ಆ ಯಂತ್ರವನ್ನೇ ಮರುಪ್ರಾರಂಭಿಸುತ್ತದೆ. ಉಳಿದ ಸರ್ವರ್ ನಿಗದಿತ ಅವಧಿ ಕಾದು, ಎದುರಿನದು ಬಿದ್ದಿದೆ ಎಂದು ಖಚಿತವಾಗಿ ನಂಬಿ ಮುಂದುವರಿಯುತ್ತದೆ. ಈಗ ವಿದ್ಯುತ್ ಕೇಬಲ್ ಕಿತ್ತರೂ ಕೆಲಸ ಸಾಗುತ್ತದೆ, ಅಂಗಳದ ಕೇಬಲ್ ಹರಿದರೂ ಒಂದೇ ಡೇಟಾಬೇಸ್ ಉಳಿಯುತ್ತದೆ.

ಇದಕ್ಕೆ ತೆರುವ ಬೆಲೆ ಸಮಯ. ಮೂರನೆಯ ಮತದ ಹೊಂದಾಣಿಕೆಗೆ ಸಹಜವಾಗಿ 30 ಸೆಕೆಂಡು ಇರುವುದರಿಂದ ವಾಚ್‌ಡಾಗ್ ಅವಧಿಯನ್ನು ಅದಕ್ಕಿಂತ ಹೆಚ್ಚು, ಅಂದರೆ 35 ಸೆಕೆಂಡು ಇರಿಸಬೇಕಾಯಿತು; ಇನ್ನೊಂದು ಸರ್ವರ್ ಕಾಯುವ ಅವಧಿ ಅದರ ಎರಡರಷ್ಟು. ಎಲ್ಲ ಸೇರಿ ನನ್ನ ಪರೀಕ್ಷೆಗಳಲ್ಲಿ ಒಂದೂವರೆ ನಿಮಿಷ ಹಿಡಿಯಿತು. ಕೀಪ್‌ಅಲೈವ್ಡ್‌ನ ನಾಲ್ಕು ಸೆಕೆಂಡಿನ ಪಕ್ಕದಲ್ಲಿ ಇದು ದೊಡ್ಡ ಅಂತರ. ಆದರೂ ಹಣದ ಲೆಕ್ಕವಿರುವ ಡೇಟಾಬೇಸಿಗೆ ನಾನು ಹಿಂಜರಿಯದೆ ಪೇಸ್‌ಮೇಕರನ್ನೇ ಆರಿಸುತ್ತೇನೆ, ಫೆನ್ಸಿಂಗ್ ಇದ್ದರೆ ಮಾತ್ರ. ಫೆನ್ಸಿಂಗ್ ಬಂದ್ ಮಾಡಿಟ್ಟ ಪೇಸ್‌ಮೇಕರ್ ಕೂಡ ಆ ಹದಿನೇಳು ಚೀಟಿಗಳನ್ನು ತಪ್ಪಿಸುತ್ತಿರಲಿಲ್ಲ. ಫೆನ್ಸಿಂಗ್ ಹೊಂದಿಸುವ ಶಕ್ತಿ ಇಲ್ಲದ ಕಡೆ ಸ್ವಯಂಚಾಲಿತ ಬದಲಾವಣೆಯನ್ನೇ ಬಿಟ್ಟು, ಪ್ರತಿಕೃತಿಯನ್ನು ಮನುಷ್ಯನೇ ಕೈಯಿಂದ ಬಡ್ತಿಗೊಳಿಸುವುದು ಲೇಸು. ದಿನದ ದರ ತೋರಿಸುವ ಪುಟ ಮತ್ತು ಕೋರಿಕೆಗಳನ್ನು ಮುಂದಕ್ಕೆ ದಾಟಿಸುವ ಕಚೇರಿಯೊಳಗಿನ ಪ್ರಾಕ್ಸಿಗೆ ಮಾತ್ರ ಇಂದಿಗೂ ಕೀಪ್‌ಅಲೈವ್ಡ್ ಇದೆ. ಬರೆಯುವುದೇನೂ ಇಲ್ಲದ ಅಂಥ ಸೇವೆಗೆ ಪೇಸ್‌ಮೇಕರ್ ಅನಗತ್ಯ ಭಾರ.

ಒಂದೂವರೆ ನಿಮಿಷದ ಆ ಅಂತರಕ್ಕಾಗಿ ಕ್ಯಾಬಿನ್‌ನಲ್ಲಿ ಕಾರ್ಬನ್ ಹಾಳೆಯ ಚೀಟಿ ಪುಸ್ತಕವೊಂದನ್ನು ಇರಿಸಿದ್ದೇವೆ. ಪ್ರತಿ ನವೆಂಬರ್‌ನಲ್ಲಿ, ಮೊದಲ ಗಾಡಿ ಬರುವ ಮುನ್ನ, ತೂಕದವರನ್ನೂ ಗುಮಾಸ್ತರನ್ನೂ ಕೂರಿಸಿಕೊಂಡು ಮೂರೂ ಕೇಬಲ್‌ಗಳನ್ನು ಒಂದೊಂದಾಗಿ ಕಿತ್ತು ನೋಡುತ್ತೇವೆ.