ಲಕ್ಕವಳ್ಳಿಯೋ, ಮುತ್ತೋಡಿಯೋ, ಕಬಿನಿಯೋ? ಮೊದಲು ಡ್ಯಾಮಿನ ಮಟ್ಟ ನೋಡಿ

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಒಂದು ರಾತ್ರಿಯ ಸಫಾರಿಗೆ ಹೊರಡುವವರ ಬಾಯಲ್ಲಿ ಮೂರು ಹೆಸರು ಓಡಾಡುತ್ತವೆ: ಲಕ್ಕವಳ್ಳಿ, ಮುತ್ತೋಡಿ, ಕಬಿನಿ. ನನ್ನ ಓಟು ಲಕ್ಕವಳ್ಳಿಗೆ. ಆದರೆ ಅದು ಫೆಬ್ರುವರಿ ಕೊನೆಯಿಂದ ಮೇ ಮಧ್ಯದವರೆಗೆ ಮಾತ್ರ. ಅದೇ ದುಡ್ಡು ಕೊಟ್ಟು ಸೆಪ್ಟೆಂಬರಿನಲ್ಲಿ ಹೋದರೆ ತುಂಬಿದ ನೀರು, ಮೋಡ, ಬಿಸಿ ಊಟ ಸಿಗುತ್ತವೆ. ಪ್ರಾಣಿ ಸಿಗುವುದು ಅಪರೂಪ.

ಲಕ್ಕವಳ್ಳಿ, ಮುತ್ತೋಡಿ ಎರಡೂ ಒಂದೇ ಕಾಡಿನ ಎರಡು ಬಾಗಿಲು. 1951ರಲ್ಲಿ ಜಾಗರ ಕಣಿವೆಯ ಸುತ್ತ ಶುರುವಾದ ಈ ವನ್ಯಧಾಮಕ್ಕೆ 1974ರಲ್ಲಿ ಭದ್ರಾ ಎಂದು ಹೆಸರಾಯಿತು. 1998ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. ಉತ್ತರದ ಬಾಗಿಲಲ್ಲಿ ಜಲಾಶಯ, ದಕ್ಷಿಣದ ಬಾಗಿಲಲ್ಲಿ ಕಾಫಿ ತೋಟ. ಇಷ್ಟು ಗೊತ್ತಿದ್ದರೆ ಅರ್ಧ ತೀರ್ಮಾನ ಆದಂತೆಯೇ, ಏಕೆಂದರೆ ಒಂದು ಕಡೆ ಕಾಡನ್ನು ನೀರಿನ ಮೇಲಿಂದ ನೋಡುತ್ತೀರಿ, ಇನ್ನೊಂದು ಕಡೆ ಕಾಡಿನೊಳಗೆ ಕೂತು ನೋಡುತ್ತೀರಿ.

ಲಕ್ಕವಳ್ಳಿಯಲ್ಲಿ ಉಳಿಯುವ ಜಾಗ ಜಲಾಶಯದೊಳಕ್ಕೆ ಚಾಚಿಕೊಂಡ ಗುಡ್ಡದ ಮೇಲಿದೆ. ರಾಜ್ಯ ಸರ್ಕಾರದ ಸಂಸ್ಥೆಯಾದ ಜಂಗಲ್ ಲಾಡ್ಜಸ್‌ನವರ ಆ ಲಾಡ್ಜಿಗೆ ರಿವರ್ ಟರ್ನ್ ಎಂಬ ಹಕ್ಕಿಯ ಹೆಸರೇ ಇದೆ. ಹಳದಿ ಕೊಕ್ಕು, ಕಪ್ಪು ಟೊಪ್ಪಿಗೆ, ಕವಲು ಬಾಲದ ಈ ಹಕ್ಕಿ ಮರದ ಮೇಲೆ ಗೂಡು ಕಟ್ಟುವುದಿಲ್ಲ. ನೀರಿನ ನಡುವೆ ಎದ್ದ ಬೋಳು ದಿಬ್ಬದ ಮೇಲೆ, ಮರಳು, ಕಲ್ಲುಗಳ ನಡುವೆಯೇ ಎರಡು ಮೂರು ಮೊಟ್ಟೆ ಇಡುತ್ತದೆ. ಹಾಗಾಗಿ ದಿಬ್ಬ ಏಳದಿದ್ದರೆ ಹಕ್ಕಿಯೂ ಇಲ್ಲ. ಎಲ್ಲ ತಕರಾರು ಹುಟ್ಟುವುದು ಇಲ್ಲಿಂದಲೇ.

ಭದ್ರಾ ಡ್ಯಾಮಿನ ಪೂರ್ಣ ಮಟ್ಟ 186 ಅಡಿ, ಸಂಗ್ರಹ 71.5 ಟಿಎಂಸಿ. ನಮ್ಮ ಅಚ್ಚುಕಟ್ಟಿನ ಮನೆಗಳಲ್ಲಿ ಈ ಅಂಕಿ ಮಕ್ಕಳಿಗೂ ಬಾಯಿಪಾಠ. ಪತ್ರಿಕೆಯಲ್ಲಿ ಜಲಾಶಯದ ಮಟ್ಟ ನೋಡುವವರು ಭತ್ತದ ನಾಟಿಗೆ ಅಂತ ನೋಡುತ್ತಾರೆ. ಸಫಾರಿಗೂ ಅದೇ ಅಂಕಣ ಸಾಕು. ಮಟ್ಟ 186ರ ಹತ್ತಿರ ಇದ್ದರೆ ದಿಬ್ಬಗಳೆಲ್ಲ ನೀರೊಳಗೆ. ನೀರು ಕಾಡಿನ ಮರಗಳ ಬುಡದವರೆಗೂ ಬಂದಿರುತ್ತದೆ. ದಡವೇ ಇಲ್ಲದ ಮೇಲೆ ಜಿಂಕೆ, ಕಾಟಿ, ಆನೆ ಬಂದು ನಿಲ್ಲುವುದೆಲ್ಲಿ? ಎಲ್ಲಾ ಪೊದೆಯ ಹಿಂದೆ. ಬೋಟಿನಲ್ಲಿ ಕೂತವರಿಗೆ ಕಾಣುವುದು ಹಸಿರು ಗೋಡೆ.

ಬೇಸಿಗೆ ಬೆಳೆಗೆ ಸಾಮಾನ್ಯವಾಗಿ ಜನವರಿಯಲ್ಲಿ ನಾಲೆಗೆ ನೀರು ಬಿಡುತ್ತಾರೆ. ಮಲೇಬೆನ್ನೂರು, ದಾವಣಗೆರೆ ಕಡೆಯ ಗದ್ದೆಗೆ ನೀರು ಹರಿದಂತೆ ಅಲ್ಲಿ ಮಟ್ಟ ಇಳಿಯುತ್ತದೆ. ಮೊದಲು ಕೆಂಪು ಮಣ್ಣಿನ ಅಂಚು ಕಾಣುತ್ತದೆ, ಆಮೇಲೆ ಆ ಹಸಿ ಮಣ್ಣಿನಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಒಳಗಿನ ಕಾಡಿನಲ್ಲಿ ಎಲೆ ಉದುರಿ ಹಳ್ಳಗಳು ಬತ್ತುವುದೂ ಅದೇ ಹೊತ್ತಿಗೆ. ನೀರು, ಹುಲ್ಲು ಎರಡೂ ಒಂದೇ ಕಡೆ ಸಿಗುವುದರಿಂದ ಪ್ರಾಣಿಗಳು ಬಯಲಿಗೆ ಬರುತ್ತವೆ. ಟರ್ನ್‌ಗಳು ದಿಬ್ಬಕ್ಕೆ ಇಳಿಯುವುದೂ ಆಗಲೇ. ನಮ್ಮ ಭತ್ತಕ್ಕೆ ಹೋದ ನೀರೇ ಆ ಹಕ್ಕಿಗೆ ಗೂಡಿನ ಜಾಗ ಬಿಟ್ಟುಕೊಡುತ್ತದೆ ಅನ್ನುವುದನ್ನು ಟೂರಿಸಂ ಜಾಹೀರಾತುಗಳು ಹೇಳುವುದಿಲ್ಲ.

ಬುಕ್ ಮಾಡುವ ಮೊದಲು ಮೂರು ಅಂಕಿ ನೋಡಿ: ಇಂದಿನ ಮಟ್ಟ, ಕಳೆದ ವರ್ಷ ಇದೇ ದಿನದ ಮಟ್ಟ, ಹೊರಹರಿವು. ಕೆಲವು ವಾರಗಳಿಂದ ಒಳಹರಿವಿಗಿಂತ ಹೊರಹರಿವು ಜಾಸ್ತಿ ಇದ್ದರೆ ದಿಬ್ಬ ಏಳುತ್ತಿದೆ ಎಂದರ್ಥ. ಹಿಂಗಾರು ಚೆನ್ನಾಗಿ ಆಗಿ ನಾಲೆ ತಡವಾಗಿ ಬಿಟ್ಟ ವರ್ಷ ಫೆಬ್ರುವರಿಯಲ್ಲೂ ದಡ ಕಾಣದೇ ಇರಬಹುದು, ಆಗ ಮಾರ್ಚಿನವರೆಗೆ ತಡೆಯಿರಿ. ತೀರಾ ಇಳಿದರೂ ಕಷ್ಟವೇ. 2023ರ ಮಳೆಗಾಲದಂತೆ ಡ್ಯಾಂ ತುಂಬದೇ ಹೋದರೆ ಮುಂದಿನ ಬೇಸಿಗೆಗೆ ನೀರು ತಳ ಸೇರುತ್ತದೆ. ದಿಬ್ಬ ದಡಕ್ಕೆ ಕೂಡಿಕೊಂಡರೆ ನಾಯಿ ನರಿಗಳು ಮೊಟ್ಟೆಗೆ ಬಾಯಿ ಹಾಕಲು ದಾರಿಯಾಗುತ್ತದೆ. ಇನ್ನೊಂದು ತೊಂದರೆ ನಮಗೇ: ನೀರು ಇಳಿದಷ್ಟೂ ಬೋಟು ನಿಲ್ಲುವ ಜಾಗ ಕೆಳಕ್ಕೆ ಹೋಗುತ್ತದೆ. ಏಪ್ರಿಲ್ ಹೊತ್ತಿಗೆ ಜಾರುವ ಇಳಿಜಾರಿನಲ್ಲಿ ಇಳಿದು ಹತ್ತಬೇಕು. ಮಂಡಿ ನೋವಿನ ಹಿರಿಯರು ಜೊತೆಗಿದ್ದರೆ ಫೋನಿನಲ್ಲೇ ಕೇಳಿಕೊಳ್ಳಿ, ಕೈಗೊಂದು ಕೋಲು ಕೊಡಿ.

ಒಂದು ರಾತ್ರಿಯ ಪ್ಯಾಕೇಜಿನಲ್ಲಿ ಸಾಮಾನ್ಯವಾಗಿ ಒಂದು ಬೋಟ್, ಒಂದು ಜೀಪ್. ಯಾವುದು ಸಂಜೆ, ಯಾವುದು ಬೆಳಿಗ್ಗೆ ಎನ್ನುವುದು ಅಲ್ಲಿಯವರ ಹಂಚಿಕೆ. ಸುಮ್ಮನೆ ಒಪ್ಪಿಕೊಳ್ಳಬೇಡಿ, ಋತು ನೋಡಿ ಮೊದಲೇ ಕೇಳಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು, ಗಾಳಿ ಎದ್ದರೆ ಬೋಟ್ ಬಿಡುವುದಿಲ್ಲ, ಬಿಡಲೂಬಾರದು. ಆಗ ಬೆಳಗಿನ ಬೋಟೇ ವಾಸಿ: ನೀರು ಅಲ್ಲಾಡುವುದಿಲ್ಲ, ಫೋಟೋ ನಡುಗುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಇದು ತಿರುವು ಮುರುವು. ಬೆಳಿಗ್ಗೆ ನೀರಿನ ಮೇಲೆ ಮಂಜು ಕೂತಿದ್ದರೆ ದಡವೇ ಕಾಣುವುದಿಲ್ಲ, ಆಗ ಸಂಜೆಯ ಬೋಟ್ ಕೇಳಿ. ಚಳಿಗಾಲದಲ್ಲಿ ಟರ್ನ್ ಗೂಡು ಇರುವುದಿಲ್ಲ, ಆದರೆ ವಲಸೆ ಬರುವ ಆಸ್ಪ್ರೆ ಎಂಬ ಮೀನುಬೇಟೆಯ ಹದ್ದು ಇರುತ್ತದೆ. ನೀರಿನಲ್ಲಿ ನಿಂತ ಒಣ ಮರದ ತುದಿಯಲ್ಲಿ ಕೂತು ಮೀನು ಹರಿದು ತಿನ್ನುವುದನ್ನು ನೋಡಲಿಕ್ಕೇ ದೂರದಿಂದ ಬರುವವರಿದ್ದಾರೆ.

ಬೋಟಿಗೆ ಟ್ರೈಪಾಡ್ ಒಯ್ಯಬೇಡಿ. ಎಂಜಿನ್ನಿನ ನಡುಕ ಕಾಲುಗಳ ಮೂಲಕವೇ ಕ್ಯಾಮೆರಾಗೆ ಏರುತ್ತದೆ. ಒಂಟಿಕಾಲಿನ ಮಾನೋಪಾಡ್ ಅಥವಾ ಬರಿಗೈ ಸಾಕು. 100-400 ಲೆನ್ಸ್ ಆದರೆ ಟರ್ನ್ ನೀರಿಗೆ ಧುಮುಕುವಾಗ ಶಟರ್ 1/2000 ಇಡಿ. ಬೈನಾಕ್ಯುಲರ್ 8x42 ಇರಲಿ. 10x ದೊಡ್ಡದಾಗಿ ತೋರಿಸುತ್ತದೆ ನಿಜ, ಆದರೆ ಬೋಟಿನ ಅಲುಗಾಟವನ್ನೂ ಅಷ್ಟೇ ದೊಡ್ಡದು ಮಾಡುತ್ತದೆ. ದೊಡ್ಡ ಲೆನ್ಸಿಗೆ ಬೇರೆ ಶುಲ್ಕ ಇರುತ್ತದೆ, ಮೊದಲೇ ವಿಚಾರಿಸಿ.

ಬೋಟ್ ನಡೆಸುವವರಿಗೆ "ಅಣ್ಣ, ಇನ್ನೂ ಹತ್ತಿರ ಹೋಗೋಣ" ಅನ್ನಬೇಡಿ. ಬಿರುಬಿಸಿಲಲ್ಲಿ ತಾಯಿಹಕ್ಕಿ ಹೊಟ್ಟೆ ಒದ್ದೆ ಮಾಡಿಕೊಂಡು ಬಂದು ಮೊಟ್ಟೆಗೆ ನೆರಳಾಗಿ ನಿಲ್ಲುತ್ತದೆ. ಹೆದರಿ ಎದ್ದರೆ ಬೋಳು ದಿಬ್ಬದ ಮೇಲಿನ ಮೊಟ್ಟೆ ಕೆಲವೇ ನಿಮಿಷದಲ್ಲಿ ಕೆಡಬಹುದು. ಹಕ್ಕಿಗಳು ಗುಂಪಾಗಿ ಮೇಲೆದ್ದು ಕೂಗತೊಡಗಿದರೆ ಬೋಟ್ ಆಗಲೇ ಮಿತಿ ದಾಟಿದೆ.

ಇನ್ನು ಮುತ್ತೋಡಿ. ಚಿಕ್ಕಮಗಳೂರಿನಿಂದ ನಲವತ್ತು ಕಿಲೋಮೀಟರಿನೊಳಗೆ. ಕೊನೆಯ ಭಾಗ ತೋಟದ ನಡುವಿನ ಇಕ್ಕಟ್ಟು ರಸ್ತೆಯಾದ್ದರಿಂದ ತಗ್ಗು ಕಾರಿನವರು ನಿಧಾನವಾಗಿ ಹೋಗಬೇಕು. ಅರಣ್ಯ ಇಲಾಖೆಯ ಪ್ರಕೃತಿ ಶಿಬಿರದಲ್ಲಿ ಉಳಿಯಬಹುದು. ವ್ಯವಸ್ಥೆ ಸರಳ, ಊಟ ಮೊದಲೇ ಹೇಳಬೇಕು. ತೇಗ, ಬಿದಿರು, ಸೋಮವಾಹಿನಿ ಹೊಳೆ, ಕೆಂದಳಿಲು ಎಲ್ಲ ಇವೆ. ಕಾಡು ಅಂದರೆ ಹೀಗಿರಬೇಕು ಅನ್ನಿಸುವಂಥ ಕಾಡು, ಅದೇ ಸಮಸ್ಯೆ. ಗಿಡಗಳು ಎಷ್ಟು ಒತ್ತಾಗಿವೆಯೆಂದರೆ ಜೀಪಿನಿಂದ ಕೆಲವೇ ಮಾರು ದೂರದಲ್ಲಿ ಕಾಟಿ ನಿಂತಿದ್ದರೂ ತಪ್ಪಿಹೋಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಎಲೆ ಉದುರಿದಾಗ ಸ್ವಲ್ಪ ವಾಸಿ. ಮಳೆಗಾಲದಲ್ಲಿ ಉಂಬಳ, ಉದ್ದ ಕಾಲುಚೀಲದ ಮೇಲೆ ಹೊಗೆಸೊಪ್ಪಿನ ಪುಡಿ ಉದುರಿಸಿಕೊಂಡರೆ ಹತ್ತುವುದು ಕಡಿಮೆ. ಒಂಟಿಯಾಗಿ ಹೋಗಿ ಸುಮ್ಮನೆ ಕೂತು ಹಕ್ಕಿ ಕೂಗು ಕೇಳುವವರಿಗೆ ಮುತ್ತೋಡಿಯಷ್ಟು ಅಗ್ಗದ, ಒಳ್ಳೆಯ ಜಾಗ ಇನ್ನೊಂದಿಲ್ಲ. ಮಕ್ಕಳು, ಅತ್ತೆ ಮಾವ ಎಲ್ಲರನ್ನೂ ಕರೆದುಕೊಂಡು "ಪ್ರಾಣಿ ತೋರಿಸ್ತೀನಿ" ಎಂದು ಹೊರಟವರಿಗೆ ಅಲ್ಲ.

ಕಬಿನಿಯಲ್ಲಿ ಹುಲಿ, ಚಿರತೆ ಕಾಣುವ ಸಾಧ್ಯತೆ ಈ ಎರಡಕ್ಕಿಂತ ಖಂಡಿತ ಹೆಚ್ಚು. ಬೇಸಿಗೆಯಲ್ಲಿ ಹಿನ್ನೀರಿಗೆ ಸೇರುವ ಆನೆಗಳ ಹಿಂಡಿಗೆ ಸಮನಾದದ್ದು ಭದ್ರೆಯಲ್ಲಿಲ್ಲ. ಆದರೆ ದಾವಣಗೆರೆಯಿಂದ ಮೈಸೂರು ದಾಟಿ, ಎಚ್.ಡಿ. ಕೋಟೆ ಕಡೆ ತಿರುಗಿ ಹೋಗುವಷ್ಟರಲ್ಲಿ ಇಡೀ ಹಗಲು ಮುಗಿಯುತ್ತದೆ. ಮಧ್ಯಾಹ್ನದ ಸಫಾರಿ ಸಿಗಬೇಕೆಂದರೆ ನಡುರಾತ್ರಿಯೇ ಹೊರಡಬೇಕು, ಇಲ್ಲವೇ ಮೈಸೂರಿನಲ್ಲಿ ಒಂದು ರಾತ್ರಿ ತಂಗಬೇಕು. ತಲೆಗಿಷ್ಟು ಎಂಬ ದರವೂ ಅಲ್ಲೇ ಹೆಚ್ಚು. ಮೂರು ದಿನ ರಜೆ ಇದ್ದು, ಹುಲಿಯೇ ಬೇಕು ಎಂಬ ಹಟ ಇದ್ದರೆ ಹೋಗಿ.

ಲಕ್ಕವಳ್ಳಿಗೆ ನಮ್ಮ ದಾವಣಗೆರೆಯಿಂದ ಸಂತೇಬೆನ್ನೂರು, ಚನ್ನಗಿರಿ, ಭದ್ರಾವತಿ ಮಾರ್ಗ. ಮೂರು ತಾಸು ಇಟ್ಟುಕೊಳ್ಳಿ. ಚಿತ್ರದುರ್ಗದವರಿಗೆ ಹೊಸದುರ್ಗ, ಅಜ್ಜಂಪುರ, ತರೀಕೆರೆ ದಾರಿಯೂ ಇದೆ. ತಿಂಡಿ ಮುಗಿಸಿ ಹೊರಟರೂ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಮೊಬೈಲ್ ಸಿಗ್ನಲ್ ನಂಬಬೇಡಿ. ಜನವರಿಯಿಂದ ಮೇವರೆಗೆ ಈ ಭಾಗದಲ್ಲಿ ಮಂಗನ ಕಾಯಿಲೆಯ ಉಣ್ಣೆಗಳ ಕಾಟ ಇರುವ ಕಾಲ: ಒಣ ಎಲೆಯ ಮೇಲೆ ಕೂರಬೇಡಿ, ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿ, ವಾಪಸ್ ಬಂದ ಮೇಲೆ ಬಟ್ಟೆಯನ್ನು ಬಿಸಿನೀರಲ್ಲಿ ನೆನೆಸಿ.

ಖರ್ಚಿನ ಲೆಕ್ಕ ಹೀಗೆ. ಮುತ್ತೋಡಿ ಎಲ್ಲಕ್ಕಿಂತ ಕಡಿಮೆ, ಆದರೆ ಸಫಾರಿ, ಊಟ ಬೇರೆ ಬೇರೆ ಸೇರಿಸಿದಾಗ ಅಂತರ ಅಂದುಕೊಂಡಷ್ಟು ಉಳಿಯುವುದಿಲ್ಲ. ಲಕ್ಕವಳ್ಳಿಯಲ್ಲಿ ಊಟ, ಎರಡು ಸಫಾರಿ ಸೇರಿಯೇ ತಲೆಗಿಷ್ಟು. ಒಬ್ಬರೇ ಹೋದರೆ ದುಬಾರಿ, ಇಬ್ಬರಾದರೆ ಸರಿ. ಶನಿವಾರ ಬಿಟ್ಟು ವಾರದ ನಡುವೆ ಹೋಗುವ ಅನುಕೂಲ ಇದ್ದರೆ ಬೋಟಿನಲ್ಲಿ ಬೇಕಾದ ಬದಿಯ ಸೀಟು ಸಿಗುತ್ತದೆ, ಗಲಾಟೆಯೂ ಕಡಿಮೆ. ವರ್ಷಕ್ಕೊಂದೇ ಸಫಾರಿ, ಒಂದೇ ದಿನ ರಜೆ, ಹುಲಿಗಿಂತ ಹಕ್ಕಿ ಮೇಲೆ ಮನಸ್ಸು ಎನ್ನುವ ನನ್ನಂಥವರಿಗೆ ಮಾರ್ಚ್ ತಿಂಗಳ ಲಕ್ಕವಳ್ಳಿ ಬಿಟ್ಟು ಬೇರೆ ಯೋಚನೆ ಬೇಡ.

ಮಳೆಗಾಲದಲ್ಲೇ ರಜೆ ಸಿಗುವುದು ಎನ್ನುವವರು ಪ್ಯಾಕೇಜಿಗೆ ದುಡ್ಡು ಹಾಕದೆ ಶಿವಮೊಗ್ಗ-ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಗೆ ಹೋಗಿ ಬನ್ನಿ. ಅಲ್ಲಿಯ ಲೆಕ್ಕ ಭದ್ರೆಗೆ ಪೂರ್ತಿ ಉಲ್ಟಾ. ತುಂಗಾ ಹೊಳೆಯ ನಡುಗಡ್ಡೆಯ ಮರಗಳು ಅರ್ಧ ಮುಳುಗಿರುವ ಜುಲೈ, ಆಗಸ್ಟಿನಲ್ಲೇ ಬೆಳ್ಳಕ್ಕಿ, ನೀರುಕಾಗೆಗಳ ಗೂಡು ತುಂಬಿರುತ್ತವೆ. ರಸ್ತೆ ಬದಿಯಿಂದಲೇ ಕಾಣುತ್ತವೆ. ಬೆಳಿಗ್ಗೆ ಹೊರಟರೆ ರಾತ್ರಿ ಊಟಕ್ಕೆ ಮನೆ.