ಮೂರು ವರ್ಷ ಕಿಂಗ್ಸ್ ಆಫ್ ವಾರ್ ಆಡಿದ ಮೇಲೆ: ನಮ್ಮ ಗುಂಪಿಗೆ ಈ ರೂಲ್ಸ್ ಹೊಂದಿದ್ದು ಯಾಕೆ

ಮೈಸೂರಿನಲ್ಲಿ ನಾವು ಆರು ಜನ ಇದ್ದೇವೆ. ತಿಂಗಳಿಗೆ ಎರಡು ಭಾನುವಾರ ನಮ್ಮ ಮನೆ ಹಾಲ್‌ನಲ್ಲಿ ಸೇರಿ, ಬೆರಳುದ್ದದ ಗೊಂಬೆಗಳ ದಂಡು ಕಟ್ಟಿ ಯುದ್ಧ ಆಡುತ್ತೇವೆ. ಕುಳ್ಳರು, ಎಲ್ಫ್‌ಗಳು, ಗಾಬ್ಲಿನ್‌ಗಳು, ಎಲುಬಿನ ಸೈನಿಕರು, ಒಂದು ಡ್ರ್ಯಾಗನ್. ಮೂರು ವರ್ಷದಿಂದ ನಮ್ಮ ಮುಖ್ಯ ಆಟ ಕಿಂಗ್ಸ್ ಆಫ್ ವಾರ್, 2019ರಲ್ಲಿ ಬಂದ ಮೂರನೇ ಆವೃತ್ತಿ. ಹೊಸದಾಗಿ ಗುಂಪು ಕಟ್ಟುವವರು "ಯಾವ ರೂಲ್ಸ್ ತಗೊಳ್ಳೋದು?" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಹತ್ತಿರ ಇದ್ದ ಗೊಂಬೆಗಳ ವಿಷಯ. ಒಬ್ಬರ ಅಣ್ಣ ಇಂಗ್ಲೆಂಡಿನಿಂದ ತಂದುಕೊಟ್ಟ ಹಳೇ ಲೋಹದ ಕುಳ್ಳರು. ಇನ್ನೊಬ್ಬರು ಮನೆಯಲ್ಲೇ ತ್ರೀಡಿ ಪ್ರಿಂಟರ್‌ನಲ್ಲಿ ತೆಗೆದ ಗಾಬ್ಲಿನ್‌ಗಳು. ನನ್ನ ಹತ್ತಿರ ಪ್ಲಾಸ್ಟಿಕ್‌ನವು ಎರಡು ಪೆಟ್ಟಿಗೆ. ಒಬ್ಬೊಬ್ಬರದು ಒಂದೊಂದು ಕಂಪನಿ. ಹೊರದೇಶದಿಂದ ಹೊಸದು ತರಿಸೋಣ ಅಂದ್ರೆ ಗೊಂಬೆಯ ಬೆಲೆಯ ಜೊತೆ ಸಾಗಣೆ ಖರ್ಚು, ಕಸ್ಟಮ್ಸ್ ಸುಂಕ ಎರಡೂ ಸೇರುತ್ತೆ. ಕಾಲೇಜಿಗೆ ಹೋಗುವ ಹುಡುಗರಿಗೆ ಅದು ಆಗದ ಮಾತು. ಅದಕ್ಕೇ ನಮ್ಮ ಮೊದಲ ಷರತ್ತು: ಯಾರ ಗೊಂಬೆಯಾದರೂ ನಡೆಯಬೇಕು. ಎರಡನೆಯದು: ಹೊಸಬರು ಬಂದರೆ ಅದೇ ದಿನ ಕಲಿತು, ಅದೇ ದಿನ ಆಡಬೇಕು.

ನಾಲ್ಕು ಭಾನುವಾರ ನಾಲ್ಕು ರೂಲ್ಸ್ ಆಡಿ ನೋಡಿದೆವು. ಅದೇ ಮೇಜು, ಅದೇ ಗೊಂಬೆಗಳು. ಮೊದಲು ಏಜ್ ಆಫ್ ಫ್ಯಾಂಟಸಿ. ಅದರ ಮೂಲ ನಿಯಮಗಳು ಉಚಿತ, ಕೆಲವೇ ಪುಟ. ಪಡೆಯ ಪಟ್ಟಿ ಮಾಡಲು ಉಚಿತ ಆ್ಯಪ್ ಕೂಡ ಇದೆ. ಒಂದು ಪಡೆ ನೀವು ನಡೆಸಿದರೆ ಮುಂದಿನದು ಎದುರಾಳಿ. ಖರ್ಚಿಲ್ಲದೆ ಶುರು ಮಾಡಬೇಕು ಅನ್ನುವವರಿಗೆ ಇವತ್ತಿಗೂ ಇದನ್ನೇ ಹೇಳುತ್ತೇನೆ. ಎರಡನೇ ವಾರ ಡ್ರ್ಯಾಗನ್ ರ‍್ಯಾಂಪಂಟ್, 2015ರ ಪುಸ್ತಕ. 24 ಪಾಯಿಂಟ್‌ನ (ಪಡೆಗಳ ಬಲಕ್ಕೆ ತಕ್ಕ ಬೆಲೆ ಅನ್ನಿ) ಸಣ್ಣ ದಂಡು, ಬೇಗ ಮುಗಿಯುವ ಆಟ. ಅಲ್ಲಿ ಪ್ರತಿ ಪಡೆಗೂ ಆಜ್ಞೆ ಕೊಡಲು ಎರಡು ದಾಳ ಉರುಳಿಸಬೇಕು. ಬೇಕಾದಷ್ಟು ಬೀಳದಿದ್ದರೆ ನಿಮ್ಮ ಸರದಿಯೇ ಮುಗಿಯಿತು. ಆ ಅನಿಶ್ಚಿತತೆ ಇಷ್ಟಪಡುವವರು ತುಂಬಾ ಜನ ಇದ್ದಾರೆ. ನಮ್ಮಲ್ಲಿ ಹೊಸದಾಗಿ ಬಂದಿದ್ದ ಹುಡುಗನಿಗೆ ಮಾತ್ರ ಮೂರು ಸಲ ಮೊದಲ ದಾಳವೇ ಕೈಕೊಟ್ಟಿತು. ಪಾಪ, ಸುಮ್ನೆ ಕೂತಿದ್ದ. ನಮಗೆ ಅಷ್ಟು ಸಾಕಾಯಿತು.

ಮೂರನೇ ವಾರ ಕಿಂಗ್ಸ್ ಆಫ್ ವಾರ್.

ಇದರ ಜೀವಾಳ ಒಂದೇ ಮಾತಿನಲ್ಲಿದೆ: ಇಡೀ ಪಡೆ ಒಂದು ಇಟ್ಟಿಗೆ ಇದ್ದ ಹಾಗೆ. ಕಾಲಾಳುಗಳ ರೆಜಿಮೆಂಟ್ ಅಂದ್ರೆ 20 ಜನ, ಅಗಲ 100 ಮಿಲಿಮೀಟರ್, ಆಳ 80. ಯಾರೂ ಸತ್ತು ಮೇಜಿನಿಂದ ಏಳುವುದಿಲ್ಲ. ಬಿದ್ದ ಪೆಟ್ಟನ್ನು ಪಕ್ಕದಲ್ಲೊಂದು ದಾಳ ಇಟ್ಟು ಲೆಕ್ಕ ಇಡುತ್ತೀರಿ. ಪಕ್ಕದ ಮನೆಯ ಪಿಯುಸಿ ಹುಡುಗಿ ಮೊದಲ ದಿನ ನೋಡಿ ಕೇಳಿದ್ದಳು, "ಅಂಕಲ್, ಇಷ್ಟು ಏಟು ಬಿದ್ರೂ ಒಬ್ರೂ ಬೀಳಲ್ವಲ್ಲ?" ಬೀಳುತ್ತಾರೆ, ಎಲ್ಲರೂ ಒಟ್ಟಿಗೆ. ಪ್ರತಿ ಪಡೆಗೂ ನರ್ವ್ ಅಂತ ಎರಡು ಸಂಖ್ಯೆ ಇದೆ. ನಾವು ಅದನ್ನು ಗುಂಡಿಗೆ ಅನ್ನುತ್ತೇವೆ. 14 ಮತ್ತು 16 ಅಂತಿಟ್ಟುಕೊಳ್ಳಿ. ಹೊಡೆದವರು ಎರಡು ದಾಳ ಉರುಳಿಸಿ, ಆವರೆಗೆ ಬಿದ್ದ ಪೆಟ್ಟನ್ನೆಲ್ಲ ಕೂಡಿಸುತ್ತಾರೆ. ಮೊತ್ತ 14 ಮುಟ್ಟಿದರೆ ಪಡೆ ತತ್ತರಿಸಿ ಮುಂದಿನ ಸರದಿಯಲ್ಲಿ ಹೆಚ್ಚೇನೂ ಮಾಡಲಾರದು. 16 ಮುಟ್ಟಿದರೆ ಇಡೀ ಪಡೆ ಚೆಲ್ಲಾಪಿಲ್ಲಿ, ಮೇಜಿನಿಂದ ಹೊರಗೆ.

ಇದರಿಂದ ಏನಾಗುತ್ತೆ ನೋಡಿ. 12 ದಾಳದ ಹೊಡೆತ ಇರುವ ಒಂದು ಪಡೆ ಎದುರಿನಿಂದ ನುಗ್ಗುತ್ತೆ. 4 ಅಥವಾ ಜಾಸ್ತಿ ಬಿದ್ದರೆ ತಾಗುತ್ತೆ, ಮತ್ತೆ 4 ಅಥವಾ ಜಾಸ್ತಿ ಬಿದ್ದರೆ ಗಾಯ. ಸರಾಸರಿಯಲ್ಲಿ ಆರು ತಾಗಿ ಮೂರು ಪೆಟ್ಟು. ಮೂರು ಪೆಟ್ಟಿಗೆ 16 ಮುಟ್ಟಬೇಕಾದರೆ ಎರಡು ದಾಳದಲ್ಲಿ 13 ಬೀಳಬೇಕು. ಆಗದ ಮಾತು. ಅದೇ ಪಡೆ ಪಕ್ಕದಿಂದ ನುಗ್ಗಿದರೆ ದಾಳ ಎರಡರಷ್ಟು, ಹಿಂದಿನಿಂದಾದರೆ ಮೂರರಷ್ಟು. ಪಕ್ಕದಿಂದ 24 ದಾಳ, ಸರಾಸರಿ ಆರು ಪೆಟ್ಟು. ಈಗ 10 ಬಿದ್ದರೆ ಸಾಕು, ಅಂದ್ರೆ ಆರಕ್ಕೆ ಒಂದು ಸಲ ಒಂದೇ ಏಟಿಗೆ ಪಡೆ ಮುರಿಯುತ್ತೆ. ಎಂಟು ಬಿದ್ದರೂ ತತ್ತರಿಸುತ್ತೆ. ನುಗ್ಗುವ ಪಡೆಯ ಬಲ ಮೊದಲಿನಷ್ಟೇ ಇದೆ, ಬದಲಾಗಿದ್ದು ಅದು ಬಂದ ದಿಕ್ಕು. ಈ ಲೆಕ್ಕವನ್ನು ಆ ಹುಡುಗಿಗೆ ಹತ್ತು ನಿಮಿಷದಲ್ಲಿ ಹೇಳಿದೆ. ಮೂರನೇ ಸರದಿಯಲ್ಲಿ ಅವಳು ನನ್ನ ಕುಳ್ಳರ ಪಕ್ಕಕ್ಕೆ ಕುದುರೆ ಪಡೆ ತಂದು ನಿಲ್ಲಿಸಿದ್ದಳು. ಆವತ್ತೇ ನನ್ನ ಮನಸ್ಸಿನಲ್ಲಿ ತೀರ್ಮಾನ ಆಗಿಹೋಯಿತು.

ಇನ್ನೊಂದು ಗುಣ, ಎಷ್ಟು ಹೇಳಿದರೂ ಕಡಿಮೆ. ದೂರವನ್ನು ಯಾವಾಗ ಬೇಕಾದರೂ ಅಳೆಯಬಹುದು. ಕುಳ್ಳರ ನಡಿಗೆ 4 ಇಂಚು, ಮನುಷ್ಯರದು 5. ನುಗ್ಗಿದರೆ ಅದರ ಎರಡರಷ್ಟು, ಅಲ್ಲಿ ದಾಳ ಇಲ್ಲ. "ನುಗ್ಗಿದೆ, ಅರ್ಧ ಇಂಚು ಸಾಲಲಿಲ್ಲ" ಅನ್ನುವ ಬೇಜಾರು ಇಲ್ಲ. ಎದುರಾಳಿಯ ಸರದಿಯಲ್ಲಿ ನೀವು ಏನೂ ಉರುಳಿಸಬೇಕಾಗಿಲ್ಲ. ಅದರಿಂದ ಚೆಸ್ ಗಡಿಯಾರ ಇಟ್ಟೂ ಆಡಬಹುದು. ನಾವು ಫೋನಿನಲ್ಲೇ ತಲಾ ಒಂದು ಗಂಟೆ ಇಟ್ಟು 2000 ಪಾಯಿಂಟ್‌ನ ಆಟ ಮುಗಿಸುತ್ತೇವೆ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಶುರು ಮಾಡಿದರೆ ಸಂಜೆ ಕಾಫಿ ಹೊತ್ತಿಗೆ ಮುಗಿದಿರುತ್ತೆ. ಸಂಸಾರ ಇರುವವರಿಗೆ ಇದು ಸಣ್ಣ ವಿಷಯ ಅಲ್ಲ.

ಗೊಂಬೆ ಕಡಿಮೆ ಇದ್ದರೂ ನಡೆಯುತ್ತೆ ಅನ್ನುವುದು ನಮಗೆ ದೊಡ್ಡ ವರ. ಪಡೆಯ ಅಡಿಪಾಯ ಸರಿಯಾದ ಅಳತೆಯಲ್ಲಿದ್ದರೆ, ಅದರ ಮೇಲೆ ಪೂರ್ತಿ 20 ಗೊಂಬೆ ಬೇಕಿಲ್ಲ. ಕನಿಷ್ಠ ಎಷ್ಟಿರಬೇಕು ಅನ್ನುವುದಕ್ಕೆ ಪುಸ್ತಕದ ನಿಯಮ ಇದೆ. ನಾವು ಮನೆ ಆಟಕ್ಕೆ 12 ಅಂತ ಒಪ್ಪಿಕೊಂಡಿದ್ದೇವೆ. ಉಳಿದ ಜಾಗದಲ್ಲಿ ಏನು ಬೇಕಾದರೂ ಕಟ್ಟಬಹುದು. ಒಬ್ಬರು ಗಾಬ್ಲಿನ್‌ಗಳ ನಡುವೆ ಹಲಸಿನ ಮರ ಮಾಡಿದ್ದಾರೆ, ಕಾಂಡದ ತುಂಬ ಕಾಯಿ. ನನ್ನ ಕುಳ್ಳರ ಪಡೆಯಲ್ಲಿ ಒಂದು ಕುಲುಮೆ ಇದೆ. ಹುಲ್ಲಿಗೆ ಬಡಗಿ ಅಂಗಡಿಯ ಮರದ ಹೊಟ್ಟಿಗೆ ಹಸಿರು ಬಣ್ಣ ಹಾಕಿ, ಫೆವಿಕಾಲ್ ಮೇಲೆ ಉದುರಿಸಿದ್ದೇವೆ. ಅಡಿಪಾಯಕ್ಕೆ 3 ಮಿಲಿಮೀಟರ್ ಎಂಡಿಎಫ್ ಹಲಗೆ. ಬೋರ್ಡ್ ಮಾಡುವ ಅಂಗಡಿಯಲ್ಲಿ ಲೇಸರ್‌ನಿಂದ ಕತ್ತರಿಸಿಕೊಡುತ್ತಾರೆ. ಒಂದು ಕಿವಿಮಾತು: ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ ಹೊಡೆಯಬೇಡಿ. ಗಾಳಿಯ ತೇವಕ್ಕೆ ಮೇಲೆ ಬೂದಿ ಕೂತ ಹಾಗೆ ಆಗುತ್ತೆ. ನನ್ನ ಎಂಟು ಎಲ್ಫ್‌ಗಳು ಹಾಗೆ ಹಾಳಾದವು.

ಮೇಜು 6 ಅಡಿಗೆ 4 ಅಡಿ ಬೇಕು. ಅಂಗಡಿಯ ಪ್ಲೈವುಡ್ 8ಕ್ಕೆ 4 ಬರುತ್ತೆ. 3 ಅಡಿಯ ಎರಡು ತುಂಡು ಮಾಡಿಸಿ, ಊಟದ ಮೇಜಿನ ಮೇಲೆ ಜೋಡಿಸಿ. ಉಳಿದ 2 ಅಡಿ ಸತ್ತ ಪಡೆಗಳನ್ನು ಇಡಲು.

ಮೂರು ವರ್ಷದಲ್ಲಿ ಬೇಸರ ತಂದ ಸಂಗತಿಗಳೂ ಇವೆ. ಯಾರು ಯಾರ ಪಕ್ಕದಲ್ಲಿದ್ದಾರೆ ಅನ್ನುವ ವಾದ ಮೊದಲ ವರ್ಷ ವಿಪರೀತ ಇತ್ತು. ನುಗ್ಗುವ ಪಡೆಯ ಮುಂಭಾಗದ ನಡುಬಿಂದು ಹೊರಡುವಾಗ ಎಲ್ಲಿತ್ತು ಅನ್ನುವುದೇ ಅದಕ್ಕೆ ಉತ್ತರ. ನಾವು ಪ್ರತಿ ಅಡಿಪಾಯದ ಮುಂಭಾಗದಲ್ಲಿ ಒಂದು ಬಿಳಿ ಚುಕ್ಕೆ ಇಟ್ಟೆವು, ಎದುರು ಯಾವುದು, ಪಕ್ಕ ಯಾವುದು ಅಂತ ಅಳೆಯಲು ರಟ್ಟಿನಲ್ಲಿ 45 ಡಿಗ್ರಿಯ ಒಂದು ತುಂಡು ಕತ್ತರಿಸಿಕೊಂಡೆವು. ಆಮೇಲೆ ವಾದ ನಿಂತಿತು. ಇನ್ನೊಂದು, ಸುಮ್ನೆ ಎದುರೆದುರು ನಿಂತು ಆಡಿದರೆ ಎಲ್ಲ ಆಟವೂ ಒಂದೇ ಥರ ಅನಿಸಲು ಶುರುವಾಗುತ್ತೆ. ಪುಸ್ತಕದಲ್ಲಿರುವ ಲೂಟ್, ಇನ್ವೇಡ್, ಪಿಲೇಜ್ ಥರದ ಸನ್ನಿವೇಶಗಳನ್ನು ದಾಳ ಹಾಕಿಯೇ ಆರಿಸಿ. ಕೊಳ್ಳೆ ಹೊತ್ತು ಓಡುವ ಆಟದಲ್ಲಿ ನಿಧಾನ ನಡೆಯುವ ದಂಡಿಗೂ ಬೇರೆಯೇ ಬುದ್ಧಿ ಬೇಕು. ಕ್ಲ್ಯಾಶ್ ಆಫ್ ಕಿಂಗ್ಸ್ ಹೆಸರಿನಲ್ಲಿ ನಿಯಮ, ಪಾಯಿಂಟ್‌ಗಳ ತಿದ್ದುಪಡಿ ಬರುತ್ತಾ ಇರುತ್ತೆ. ಸ್ಪರ್ಧೆಗೆ ಹೋಗುವವರಿಗೆ ಅದು ಬೇಕು. ನಾವು ಯುಗಾದಿಗೆ ಒಮ್ಮೆ ಕೂತು ತೀರ್ಮಾನಿಸಿ, ವರ್ಷವಿಡೀ ಅದನ್ನೇ ಹಿಡಿಯುತ್ತೇವೆ.

2024ರ ಜನವರಿಯಲ್ಲಿ ಇದೇ ಥರದ ಇನ್ನೊಂದು ಆಟ, ವಾರ್‌ಹ್ಯಾಮರ್: ದಿ ಓಲ್ಡ್ ವರ್ಲ್ಡ್ ಬಂದಾಗ ಮತ್ತೆ ಚರ್ಚೆ ಎದ್ದಿತು. 2015ರಲ್ಲಿ ಹಳೇ ವಾರ್‌ಹ್ಯಾಮರ್ ಫ್ಯಾಂಟಸಿ ನಿಂತಾಗ ಎಷ್ಟೋ ಆಟಗಾರರು ಕಿಂಗ್ಸ್ ಆಫ್ ವಾರ್ ಕಡೆ ಬಂದಿದ್ದರು. ನಮ್ಮ ಹಿರಿಯರೊಬ್ಬರು ಆ ಕಾಲದವರು, ಅವರಿಗೆ ಹಳೇ ಲೋಕದ ಮೇಲೆ ತುಂಬಾ ಪ್ರೀತಿ. ಹಿಂದಿನ ಸಾಲಿನಿಂದ ಒಂದೊಂದೇ ಗೊಂಬೆ ತೆಗೆಯುವ ಆಟದ ಸೊಗಸು ಬೇರೆಯೇ, ಒಪ್ಪುತ್ತೇನೆ. ಆದರೆ ನಮ್ಮ ಹಲಸಿನ ಮರ, ಕುಲುಮೆ ಎಲ್ಲ ಕಿತ್ತು ಒಬ್ಬೊಬ್ಬರನ್ನೇ ಬೇರೆ ಮಾಡಲು ಯಾರಿಗೂ ಮನಸ್ಸು ಬರಲಿಲ್ಲ.

ಒಂದು ಕೊರತೆ ಮಾತ್ರ ಈ ರೂಲ್ಸ್‌ನೊಳಗೆ ತುಂಬಲು ಆಗಲಿಲ್ಲ, ಅದು ಮಾಂತ್ರಿಕರದು. ಇಲ್ಲಿ ಬೆಂಕಿಯುಂಡೆ ಅಂದ್ರೂ ಒಂದು ಹಿಡಿ ದಾಳ, ಬಾಣ ಬಿಟ್ಟ ಹಾಗೇ. ಮಂತ್ರವಾದಿಯ ಕಥೆಯೇ ಬೇಕು ಅನ್ನುವ ಗೆಳೆಯನಿಗೆ ನಾಲ್ಕನೇ ವಾರ ಆಡಿದ್ದ ಫ್ರಾಸ್ಟ್‌ಗ್ರೇವ್ ಸರಿಹೋಯಿತು. ಹಿಮ ಮುಚ್ಚಿದ ಪಾಳು ನಗರ, ಅಲ್ಲಿ ನಿಧಿ ಹುಡುಕಲು ಬರುವ ಮಾಂತ್ರಿಕ, ಅವನ ಶಿಷ್ಯ, ಎಂಟು ಜನ ಆಳುಗಳು. ಹತ್ತೇ ಗೊಂಬೆ. ಹತ್ತು ಬಗೆಯ ಮಂತ್ರವಿದ್ಯೆ. ದಾಳ 20 ಮುಖದ್ದು, ಒಂದೇ ಉರುಳಿಗೆ ಗ್ರಹಚಾರ ತಿರುಗುತ್ತೆ. ನಾಲ್ಕೇ ಜನ ಬಂದ ದಿನ ಪ್ಲೈವುಡ್‌ನ ಒಂದು ತುಂಡು ಹಾಕಿಕೊಂಡು ಅದನ್ನೇ ಆಡುತ್ತೇವೆ.

ಹೋದ ದಸರಾಕ್ಕೆ ಅಮ್ಮ ಗೊಂಬೆ ಕೂರಿಸುವಾಗ, ಕೆಳಗಿನ ಮೆಟ್ಟಿಲನ್ನು ನನ್ನ ಕುಳ್ಳರಿಗೆ ಬಿಟ್ಟುಕೊಟ್ಟರು. ಪಟ್ಟದ ಗೊಂಬೆಗಳ ಕೆಳಗೆ ಮೂರು ರೆಜಿಮೆಂಟ್ ಸಾಲಾಗಿ ನಿಂತವು. ನೋಡಲು ಬಂದ ಮಕ್ಕಳಲ್ಲಿ ಇಬ್ಬರು ಅಲ್ಲೇ ಕೂತುಬಿಟ್ಟರು, ಎದ್ದೇಳಲು ಒಪ್ಪಲಿಲ್ಲ. ಈಗ ಭಾನುವಾರ ಬರುತ್ತಾರೆ. ಪಕ್ಕದ ಮನೆಯ ಆ ಹುಡುಗಿಯೇ ಅವರಿಗೆ ಗುಂಡಿಗೆಯ ಲೆಕ್ಕ ಹೇಳಿಕೊಡುತ್ತಿದ್ದಾಳೆ. ಹತ್ತತ್ತು ಜನರ ಟ್ರೂಪ್‌ಗಳಿಂದ ಶುರು ಮಾಡಲಿ ಅಂತ, 100ಕ್ಕೆ 40 ಮಿಲಿಮೀಟರ್‌ನ ಹನ್ನೆರಡು ತುಂಡು ಕತ್ತರಿಸಲು ನಿನ್ನೆ ಕೊಟ್ಟು ಬಂದಿದ್ದೇನೆ.