ಯಮಹಾ ಎಂಟಿ-07: ಇಂಜಿನ್ ಒಂದಕ್ಕೇ ಮನಸೋತೆ

ನಾನು ಓಡಿಸಿದ್ದು ಈ ಬೈಕಿನ 2014ರಲ್ಲಿ ಬಂದ ಮೊದಲನೇ ಮಾಡೆಲ್ಲು. 689 ಸಿಸಿ, ಎರಡು ಸಿಲಿಂಡರ್, 75 ಹಾರ್ಸ್‌ಪವರ್ ಹತ್ರ, ಕಾಗದದ ಮೇಲೆ ನೋಡಿದ್ರೆ ಅಂಥಾದ್ದೇನಿದೆ ಅನ್ಸತ್ತೆ. ಆದ್ರೆ ಮೂರನೇ ಗೇರಲ್ಲಿ ನಿಧಾನಕ್ಕೆ ಹೋಗ್ತಾ ಥ್ರಾಟಲ್ ತಿರುವಿ ನೋಡಿ, ಗೇರ್ ಇಳಿಸೋ ಮಾತೇ ಇಲ್ಲ, ಹಾಗೇ ಎಳ್ಕೊಂಡು ಹೋಗತ್ತೆ.

ಇದಕ್ಕೊಂದು ಮುಖ್ಯ ಕಾರಣ 270 ಡಿಗ್ರಿ ಕ್ರ್ಯಾಂಕ್, ಅಂದ್ರೆ ಪಿಸ್ಟನ್‌ಗಳು ತಿರುಗಿಸೋ ದಂಡದಲ್ಲಿ ಎರಡು ಪಿಸ್ಟನ್ನಿಗೂ 270 ಡಿಗ್ರಿ ಅಂತರ. ಹಳೇ ಥರದ ಪ್ಯಾರಲಲ್ ಟ್ವಿನ್‌ಗಳಲ್ಲಿ (ಎರಡು ಸಿಲಿಂಡರ್ ಅಕ್ಕಪಕ್ಕ ಇರೋ ಇಂಜಿನ್) ಎರಡೂ ಪಿಸ್ಟನ್ ಜೊತೇಲೇ ಮೇಲೆ ಕೆಳಗೆ ಹೋಗ್ತವೆ, ಇಲ್ಲಾ ಒಂದು ಮೇಲಿದ್ರೆ ಇನ್ನೊಂದು ಕೆಳಗೆ, ಹೇಗಿದ್ರೂ ತುದಿಗೆ ಬಂದಾಗ ಎರಡೂ ಒಂದೇ ಸಲ ನಿಂತು ವಾಪಸ್ ಹೊರಡ್ತವೆ, ಅದ್ರಿಂದ ಕ್ರ್ಯಾಂಕಿನ ವೇಗ ಒಂದು ಸುತ್ತು ಮುಗಿಯೋದ್ರೊಳಗೇ ಏರಿ ಇಳೀತಿರತ್ತೆ. ಇದ್ರಲ್ಲಿ ಹಾಗಲ್ಲ, ಒಂದು ಪಿಸ್ಟನ್ ತುದೀಲಿ ನಿಂತಾಗ ಇನ್ನೊಂದು ಮಧ್ಯದಲ್ಲಿ ಜೋರಾಗಿ ಓಡ್ತಿರತ್ತೆ, ಒಂದರ ಎಳೆತ ಇನ್ನೊಂದು ಸರಿದೂಗಿಸತ್ತೆ. ಕೊನೆಗೆ ಹಿಂದಿನ ಚಕ್ರಕ್ಕೆ ಹೋಗೋದು ಹೆಚ್ಚುಕಮ್ಮಿ ಪೆಟ್ರೋಲ್ ಉರಿದ ಬಲ ಮಾತ್ರ, ಟೈರ್ ರಸ್ತೆ ಕಚ್ಕೊಂಡಿರೋದು ಬಲಗೈಗೇ ಗೊತ್ತಾಗತ್ತೆ. ಫೈರಿಂಗ್, ಅಂದ್ರೆ ಪೆಟ್ರೋಲ್ ಉರಿಯೋದು, 270 ಡಿಗ್ರಿಗೊಂದು, ಆಮೇಲೆ 450 ಡಿಗ್ರಿಗೊಂದು, ಎರಡು ಸಿಲಿಂಡರ್ ವಿ ಆಕಾರದಲ್ಲಿರೋ 90 ಡಿಗ್ರಿ ವಿ-ಟ್ವಿನ್ ಹಾಗೇ, ಅದಕ್ಕೇ ಆ ದಡಬಡ ಸೌಂಡು. ಯಮಹಾಗೆ ಇದು ಹೊಸ ವಿದ್ಯೆಯೇನಲ್ಲ, 1995ರ ಟಿಆರ್‌ಎಕ್ಸ್ 850 ಬೈಕಲ್ಲೇ ಇತ್ತು.

ತೂಕ ಇಳಿಸಿರೋ ರೀತೀನೂ ನನಗೆ ತುಂಬಾ ಇಷ್ಟ ಆಯ್ತು. ಸ್ಟೀಲ್ ಪೈಪಿನ ಸಣ್ಣ ಫ್ರೇಮು, ಇಂಜಿನ್ನೇ ಅದ್ರ ಒಂದು ಭಾಗ, ಹಿಂದಿನ ಶಾಕ್ ಅಡ್ಡಡ್ಡ ಮಲಗಿಸಿ ಒಂದು ತುದೀನ ಸೀದಾ ಕ್ರ್ಯಾಂಕ್‌ಕೇಸಿಗೇ (ಇಂಜಿನ್ನಿನ ಕೆಳಭಾಗದ ಕವಚ) ಬೋಲ್ಟ್ ಹಾಕಿದಾರೆ. ಪೆಟ್ರೋಲ್ ತುಂಬಿ ಎಬಿಎಸ್ ಸೇರಿ 182 ಕೆಜಿ, ಅಷ್ಟೇ! ಫೇರಿಂಗ್ (ಹೊರಗಿನ ಹೊದಿಕೆ) ಇಲ್ದಿರೋ ಗಾಡೀಲಿ ಎಲ್ಲ ಎದ್ದು ಕಾಣತ್ತಲ್ಲ, ಇಲ್ಲಿ ಕಣ್ಣಿಗೆ ಬೀಳೋ ಒಂದೊಂದು ಪಾರ್ಟಿಗೂ ಏನೋ ಕೆಲಸ ಇದೆ.

ಕೊರತೆ ಅಂದ್ರೆ ಮುಂದಿನ ಚಕ್ರ ಹಿಡಿಯೋ ಫೋರ್ಕು. 41 ಎಂಎಂ ಸಾದಾ ಫೋರ್ಕ್, ಅಡ್ಜಸ್ಟ್ ಮಾಡೋಕೆ ಏನೂ ಇಲ್ಲ, ಮೆತ್ತಗಿದೆ, ನಿಧಾನಕ್ಕೆ ಹೋಗ್ವಾಗ ಹಾಯಾಗಿರತ್ತೆ ಆದ್ರೆ ತಿರುವಿಗೆ ಮುಂಚೆ ಜೋರಾಗಿ ಬ್ರೇಕ್ ಹಿಡಿದ್ರೆ ಮೂತಿ ಕೆಳಗೆ ಬಗ್ಗತ್ತೆ. ದುಡ್ಡನ್ನ ಇಂಜಿನ್ನಿಗೆ ಹಾಕಿ ಇಲ್ಲಿ ಉಳಿಸಿದಾರೆ ಅನ್ಸತ್ತೆ, ಎರಡರಲ್ಲೊಂದು ಅಂದ್ರೆ ನಾನೂ ಹಾಗೇ ಮಾಡ್ತಿದ್ದೆ, ಯಾಕಂದ್ರೆ ಫೋರ್ಕ್ ಸ್ಪ್ರಿಂಗು, ಆಯಿಲ್ಲು ಆಮೇಲೂ ಬದಲಾಯಿಸ್ಬೋದು, ಕ್ರ್ಯಾಂಕ್ ಬದಲಾಯಿಸೋಕಾಗತ್ತಾ? 2025ರ ಮಾಡೆಲ್ಲಿಗೆ ತಲೆಕೆಳಗು ಫೋರ್ಕು (ದಪ್ಪ ಪೈಪು ಮೇಲಿರೋದು), ಇನ್ನೂ ಗಟ್ಟಿಯಾಗಿ ಕೂರೋ ರೇಡಿಯಲ್ ಬ್ರೇಕು ಎರಡೂ ಬಂದಿವೆ. ಇಂಜಿನ್ ಮಾತ್ರ ಅದೇ 689 ಸಿಸಿ.